ವಿಳಾಸ ಕೇಳುವ ಊರಿನಲ್ಲಿ ವಿಳಾಸವಿಲ್ಲದವರು: ತುಮಕೂರಿನ ಕೋವಿಡ್ ಕಾಲದ ಆಶ್ರಯ, ಬಾಡಿಗೆ, ಕೂಲಿ ಸೇವೆಗಳ ವಿಮರ್ಶೆ

ತುಮಕೂರಿನಲ್ಲಿ ಸ್ವಂತ ಮನೆ ಇರುವವರು ಆಸ್ತಿ ತೆರಿಗೆಯ ಚಲನ್ನನ್ನು ಒಮ್ಮೆ ಕೊನೆಯ ಸಾಲಿನವರೆಗೂ ಓದಿ ನೋಡಿ. ತೆರಿಗೆಯ ಮೊತ್ತದ ಕೆಳಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಆಮೇಲೆ ಭಿಕ್ಷುಕರ ಕರ ಶೇ 3 ಎಂದಿರುತ್ತದೆ. ತೆರಿಗೆ 4,000 ರೂಪಾಯಿ ಆದರೆ ಆ ಕೊನೆಯ ಬಾಬ್ತಿಗೆ 120 ರೂಪಾಯಿ. ಸೂರಿಲ್ಲದವರ ಹೆಸರಿನಲ್ಲಿ ಪ್ರತಿ ವರ್ಷ ದುಡ್ಡು ಕಟ್ಟುವ ಊರಿನವರಿಗೆ, ಅವರಿಗೆ ಸಿಗುವ ಸೇವೆ ಹೇಗಿದೆ ಎಂದು ಕೇಳುವ ಹಕ್ಕಿದೆ. ಆ ಸೇವೆಯ ನಿಜವಾದ ಪರೀಕ್ಷೆ ನಡೆದದ್ದು ಕೋವಿಡ್ ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25ರಿಂದ. ಅದರ ಅಂಕಪಟ್ಟಿಯನ್ನು ಈಗಲೂ ತೆಗೆದು ನೋಡುವುದು ಅಗತ್ಯ, ಏಕೆಂದರೆ ಅಂದು ಬಳಸಿದ ಯೋಜನೆಗಳಲ್ಲಿ ಹಲವು ಇಂದಿಗೂ ನಡೆಯುತ್ತಿವೆ, ಅವುಗಳ ತೂತುಗಳೂ ಅಲ್ಲೇ ಇವೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಚಲನ್ನಿನ ಆ ಶೇ 3 ಹೋಗುವುದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ವ್ಯವಸ್ಥೆಗೆ, ಅಂದರೆ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ. ಅಲ್ಲಿಗೆ ಜನ ತಾವಾಗಿ ಹೋಗುವುದು ಕಡಿಮೆ, ಹಿಡಿದು ತರುವುದೇ ಹೆಚ್ಚು. ಭಿಕ್ಷೆ ಬೇಡಿದ್ದಕ್ಕೆ ಹಿಡಿದಿರಿಸಲು ಕಾನೂನೇ ಅವಕಾಶ ಕೊಡುತ್ತದೆ. ನಗರ ವಸತಿರಹಿತರ ಆಶ್ರಯ ಕೇಂದ್ರ ಬೇರೆಯೇ ಸಂಗತಿ. ಅದು 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಅಡಿ ರೂಪುಗೊಂಡು, ಸ್ಥಳೀಯ ಸಂಸ್ಥೆ ನಡೆಸುವ ವ್ಯವಸ್ಥೆ. ಬಾಗಿಲು ತೆರೆದಿರುತ್ತದೆ, ಬಂದವರು ಬರಬಹುದು, ಹೋಗುವವರು ಹೋಗಬಹುದು. ‘ನಿರಾಶ್ರಿತರ ಕೇಂದ್ರ’ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಕರೆಯುವುದರಿಂದ ಆಗುವ ಹಾನಿ ಸಣ್ಣದಲ್ಲ. ಬಸ್ ನಿಲ್ದಾಣದಲ್ಲೋ ಅಂಗಡಿ ಜಗಲಿಯಲ್ಲೋ ಮಲಗಿದವರನ್ನು ‘ಬನ್ನಿ, ಕೇಂದ್ರಕ್ಕೆ ಹೋಗೋಣ’ ಎಂದು ಕರೆದರೆ ಅವರು ಗಂಟು ಎತ್ತಿಕೊಂಡು ಕತ್ತಲಿಗೆ ಸರಿಯುವುದು ಈ ಹೆದರಿಕೆಯಿಂದಲೇ. ಲಾಕ್‌ಡೌನ್‌ನಲ್ಲಿ ಪೊಲೀಸ್ ಜೀಪಿನಲ್ಲಿ ಕರೆದೊಯ್ದರಂತೂ ಎರಡಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಕರೆಯಲು ಹೋಗುವವರು ಸಮವಸ್ತ್ರದಲ್ಲಿ ಇರಬಾರದು. ಮೊದಲ ಮಾತಿನಲ್ಲೇ ‘ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬಹುದು, ಯಾರೂ ತಡೆಯುವುದಿಲ್ಲ’ ಎಂದು ಹೇಳಬೇಕು.

ಈಗ ಲೆಕ್ಕಕ್ಕೆ ಬರೋಣ. ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಜನ ಮಲಗುವ ಒಂದು ಕಾಯಂ ಆಶ್ರಯ ಕೇಂದ್ರ ಇರಬೇಕು, ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರಬೇಕು ಎಂಬುದು ಮಾನದಂಡ. 2011ರ ಗಣತಿಯಲ್ಲೇ ತುಮಕೂರು ನಗರದ ಜನಸಂಖ್ಯೆ 3.02 ಲಕ್ಷ. ಅಂದರೆ ಮೂರು ಕೇಂದ್ರ, 300 ಹಾಸಿಗೆ. ಅದೇ ಗಣತಿಯಲ್ಲಿ 1.38 ಲಕ್ಷವಿದ್ದ ಕೋಲಾರಕ್ಕೂ ಈ ಲೆಕ್ಕ ಅನ್ವಯಿಸುತ್ತದೆ. ನಿಮ್ಮ ಊರಿನಲ್ಲಿ ಎಷ್ಟು ಹಾಸಿಗೆ ಇವೆ ಎಂದು ಪಾಲಿಕೆಗೋ ನಗರಸಭೆಗೋ ಮಾಹಿತಿ ಹಕ್ಕಿನಲ್ಲಿ ಕೇಳುವಾಗ ‘ಎಷ್ಟು ಕೇಂದ್ರ’ ಎಂದು ಕೇಳಬೇಡಿ. ‘ಎಷ್ಟು ಹಾಸಿಗೆ, ಕಳೆದ ಮೂರು ತಿಂಗಳ ರಾತ್ರಿವಾರು ಹಾಜರಾತಿ ಎಷ್ಟು’ ಎಂದು ಕೇಳಿ. ಬೋರ್ಡು ಇರುವ ಕಟ್ಟಡ ಎಲ್ಲಿ ಬೇಕಾದರೂ ಸಿಗುತ್ತದೆ. ಹಾಜರಾತಿ ಪುಸ್ತಕವೇ ನಿಜ ಹೇಳುವುದು.

ಒಬ್ಬರಿಗೆ 50 ಚದರ ಅಡಿ ಜಾಗ ಎಂಬುದು ಇನ್ನೊಂದು ಮಾನದಂಡ. ಸಾಂಕ್ರಾಮಿಕದಲ್ಲಿ ಎಡವಿದ್ದು ಇಲ್ಲಿಯೇ, ಆದರೆ ಇದರ ಬಗ್ಗೆ ಮಾತಾಡುವವರು ಕಡಿಮೆ. ಹಾಸಿಗೆ 6 ಅಡಿ ಉದ್ದ, 3 ಅಡಿ ಅಗಲ ಎಂದಿಟ್ಟುಕೊಳ್ಳಿ. ಎರಡು ಹಾಸಿಗೆಗಳ ನಡುವೆ ಎಲ್ಲ ದಿಕ್ಕಿನಲ್ಲೂ 3 ಅಡಿ ಬಿಟ್ಟರೆ ಒಂದು ಹಾಸಿಗೆಗೆ 9 ಗುಣಿಸು 6, ಅಂದರೆ 54 ಚದರ ಅಡಿ ಬೇಕು. ಮಾನದಂಡ ಸರಿಸುಮಾರು ಇಷ್ಟಕ್ಕೇ ನಿಲ್ಲುತ್ತದೆ. 6 ಅಡಿ ಅಂತರ ಬೇಕೆಂದರೆ 12 ಗುಣಿಸು 9, ಅಂದರೆ 108 ಚದರ ಅಡಿ. 5,000 ಚದರ ಅಡಿಯ ನೂರು ಜನರ ಹಾಲ್‌ನಲ್ಲಿ ಆಗ 46 ಜನ ಮಾತ್ರ ಹಿಡಿಯುತ್ತಾರೆ. ಉಳಿದ 54 ಜನ ಎಲ್ಲಿಗೆ ಹೋಗಬೇಕು? ‘ಅಂತರ ಕಾಪಾಡಿ’ ಎಂಬ ಸುತ್ತೋಲೆ ಹೊರಡಿಸಿ, ಜೊತೆಗೆ ಎರಡನೆಯ ಕಟ್ಟಡವನ್ನು ಗೊತ್ತು ಮಾಡದಿದ್ದರೆ ಅರ್ಧ ಜನರನ್ನು ಮತ್ತೆ ಫುಟ್‌ಪಾತಿಗೆ ಕಳಿಸಿದಂತೆಯೇ. ಜಾಗವಿಲ್ಲದಾಗ ಒಬ್ಬರ ತಲೆಯ ಕಡೆ ಪಕ್ಕದವರ ಕಾಲು ಬರುವಂತೆ ಹಾಸಿಗೆ ಹಾಕುವುದು, ಕಿಟಕಿಗಳನ್ನು ಎದುರುಬದುರು ತೆರೆದಿಡುವುದು, ಇವೆರಡೂ ಖರ್ಚಿಲ್ಲದೆ ಆಗುವ ಕೆಲಸ.

ಕಟ್ಟಡಕ್ಕೆ ದುಡ್ಡಿರಲಿಲ್ಲ ಎಂಬ ನೆಪ ನಿಲ್ಲುವುದಿಲ್ಲ. 2020ರ ಮಾರ್ಚ್ 28ರಂದೇ ಕೇಂದ್ರ ಗೃಹ ಸಚಿವಾಲಯ ರಾಜ್ಯ ವಿಪತ್ತು ಪರಿಹಾರ ನಿಧಿಯ ನಿಯಮ ಸಡಿಲಿಸಿ, ವಸತಿರಹಿತರಿಗೆ ಮತ್ತು ಸಿಕ್ಕಿಬಿದ್ದ ವಲಸೆ ಕಾರ್ಮಿಕರಿಗೆ ತಾತ್ಕಾಲಿಕ ವಸತಿ, ಊಟ, ಬಟ್ಟೆ, ಚಿಕಿತ್ಸೆಗೆ ಖರ್ಚು ಮಾಡಲು ದಾರಿ ಮಾಡಿಕೊಟ್ಟಿತು. ಶಾಲೆ, ಹಾಸ್ಟೆಲ್, ಕಲ್ಯಾಣ ಮಂಟಪಗಳು ಖಾಲಿ ಇದ್ದ ಸಮಯ ಅದು. ಶಾಲೆಯನ್ನು ಆಶ್ರಯಕ್ಕೆ ತೆಗೆದುಕೊಳ್ಳುವುದರ ತೊಂದರೆ ಬೇರೆ: ಶಾಲೆ ತೆರೆಯುವ ದಿನವೇ ಆಶ್ರಯ ಮುಚ್ಚುತ್ತದೆ. ಬೆಂಚಿನ ಎತ್ತರಕ್ಕೆ ಕಟ್ಟಿದ ನಲ್ಲಿ, ಮಕ್ಕಳ ಅಳತೆಯ ಶೌಚಾಲಯ, ಸ್ನಾನಕ್ಕೆ ಮರೆ ಇಲ್ಲ. ಹಾಸ್ಟೆಲ್ ಸಿಕ್ಕರೆ ಹಾಸ್ಟೆಲ್ಲೇ ಸರಿ; ಸ್ನಾನದ ಮನೆಯೂ ಅಡುಗೆ ಮನೆಯೂ ಮೊದಲೇ ಇರುತ್ತವೆ.

ಒಂದು ಆಶ್ರಯ ಕೇಂದ್ರ ಒಳ್ಳೆಯದೋ ಅಲ್ಲವೋ ಎಂದು ಅಳೆಯಲು ಬಣ್ಣದ ಗೋಡೆ ನೋಡಬೇಡಿ. ಬೀಗ ಹಾಕುವ ಪೆಟ್ಟಿಗೆ ಇದೆಯೇ ನೋಡಿ. ಚಪ್ಪಲಿ, ಎರಡು ಬಟ್ಟೆ, ಆಧಾರ್ ಕಾರ್ಡು, ದಿನದ ಕೂಲಿ, ಮೊಬೈಲು: ಇವನ್ನು ತಲೆದಿಂಬಿನ ಕೆಳಗಿಟ್ಟು ಮಲಗಬೇಕಾದ ಕಡೆ ಯಾರೂ ಎರಡನೆಯ ರಾತ್ರಿ ಬರುವುದಿಲ್ಲ. ಆಮೇಲೆ ಸಮಯ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವ ಹಮಾಲಿಗಳಿಗೆ ಕೆಲಸ ಬೆಳಗಿನ ಜಾವಕ್ಕೇ ಶುರು. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಬೆಳಿಗ್ಗೆ ಆರಕ್ಕೆ ತೆಗೆಯುವ ಕೇಂದ್ರ ಅವರಿಗೆ ಇದ್ದೂ ಇಲ್ಲದಂತೆ. ನಿಯಮದ ಪ್ರಕಾರ ಎಂಟೆಂಟು ಗಂಟೆಯ ಪಾಳಿಯಲ್ಲಿ ಮೂವರು ನೋಡಿಕೊಳ್ಳುವವರು ಇರಬೇಕು. ಒಬ್ಬರೇ ಇದ್ದರೆ ಅವರು ಮಲಗುವ ಹೊತ್ತಿಗೆ ಬಾಗಿಲು ಮುಚ್ಚುತ್ತದೆ, ಅಷ್ಟೇ ಕಾರಣ. ಹೆಂಗಸರಿಗೆ ಪ್ರತ್ಯೇಕ ಪ್ರವೇಶ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಶೌಚಾಲಯ ಇವೆಯೇ, ಮಕ್ಕಳನ್ನು ಹತ್ತಿರದ ಅಂಗನವಾಡಿಗೆ ಸೇರಿಸಿದ್ದಾರೆಯೇ ಕೇಳಿ. ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಗಂಡ ಹೆಂಡತಿ ಮಕ್ಕಳನ್ನು ಬೇರೆ ಮಾಡಿದರೆ ಆ ಕುಟುಂಬ ಫ್ಲೈಓವರ್ ಕೆಳಗೇ ಉಳಿಯುತ್ತದೆ.

ಶುಚಿತ್ವದ ವಿಚಾರದಲ್ಲಿ ಬ್ಲೀಚಿಂಗ್ ಪುಡಿಯ ಅಳತೆ ತಪ್ಪುವುದು ಸಾಮಾನ್ಯ. ನೆಲ, ಶೌಚಾಲಯಕ್ಕೆ ಬೇಕಾದ ಶೇ 1ರ ದ್ರಾವಣಕ್ಕೆ, ಸುಮಾರು ಶೇ 33 ಕ್ಲೋರಿನ್ ಇರುವ ಪುಡಿಯಾದರೆ ಲೀಟರಿಗೆ 30 ಗ್ರಾಂ. 10 ಲೀಟರ್ ಬಕೆಟ್ಟಿಗೆ 300 ಗ್ರಾಂ. ಬಾಯಿ ಬಿಚ್ಚಿಟ್ಟ ಮೂಟೆಯ ಪುಡಿ ತೇವ ಹೀರಿ ಕ್ಲೋರಿನ್ ಕಳೆದುಕೊಳ್ಳುತ್ತದೆ. ಆಗ ಅದು ಬರೀ ಸುಣ್ಣ ಬಳಿದಂತೆ. ಪ್ರತಿದಿನ ಹೊಸದಾಗಿ ಕಲಸಬೇಕು, ಹತ್ತು ನಿಮಿಷ ಹಾಗೇ ಬಿಟ್ಟು ಒರೆಸಬೇಕು. ಶೌಚಾಲಯಕ್ಕೆ ಆಸಿಡ್ ಹಾಕಿದ ದಿನ ಇದನ್ನು ಅದರ ಜೊತೆಗೆ ಸುರಿಯಲೇಬಾರದು, ವಿಷದ ಗಾಳಿ ಏಳುತ್ತದೆ. ಮನುಷ್ಯರ ಮೈಮೇಲೆ ಇದನ್ನು ಸಿಂಪಡಿಸುವುದು ಎಂದೂ ಸರಿಯಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಆಶ್ರಯ ಕೇಂದ್ರದ ದೊಡ್ಡ ಉಪಯೋಗ ಹಾಸಿಗೆ ಅಲ್ಲ, ವಿಳಾಸ. ಕೇಂದ್ರಕ್ಕೆ ಬಂದವರಿಗೆ ಗುರುತಿನ ಚೀಟಿ, ಬ್ಯಾಂಕ್ ಖಾತೆ, ಪಡಿತರ, ಪಿಂಚಣಿ, ಮಕ್ಕಳಿಗೆ ಶಾಲೆ, ಉಚಿತ ಕಾನೂನು ನೆರವು ಇವೆಲ್ಲವನ್ನೂ ಜೋಡಿಸಿಕೊಡಬೇಕೆಂದು ಅಭಿಯಾನದ ಮಾರ್ಗಸೂಚಿಯೇ ಹೇಳುತ್ತದೆ. ಆಧಾರ್ ಪ್ರಾಧಿಕಾರ ಒಪ್ಪುವ ವಿಳಾಸದ ದಾಖಲೆಗಳಲ್ಲಿ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಡುವ ಪ್ರಮಾಣಪತ್ರವೂ ಒಂದು. ಪ್ರಾಧಿಕಾರದ ನಮೂನೆಯಲ್ಲೇ ಇರಬೇಕು, ಭಾವಚಿತ್ರ ಅಂಟಿಸಿ ಅದರ ಮೇಲೆ ಅರ್ಧ ಬರುವಂತೆ ಸಹಿ ಮತ್ತು ಮೊಹರು ಹಾಕಿರಬೇಕು, ಕೊಟ್ಟ ದಿನದಿಂದ ಮೂರು ತಿಂಗಳು ಮಾತ್ರ ಚಾಲ್ತಿ. ಕೇಂದ್ರಕ್ಕೆ ಮಾನ್ಯತೆಯ ಪತ್ರ ಇಲ್ಲದಿದ್ದರೆ ಶಾಸಕರು ಅಥವಾ ಪತ್ರಾಂಕಿತ ಅಧಿಕಾರಿಯ ಸಹಿಯೂ ನಡೆಯುತ್ತದೆ. ಅರ್ಜಿ ತಿರಸ್ಕೃತವಾಗುವುದು ಬಹುತೇಕ ಮೂರು ಕಾರಣಕ್ಕೆ: ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ರೀತಿ, ಮೊಹರು ಭಾವಚಿತ್ರದ ಮೇಲೆ ಬಾರದಿರುವುದು, ದಿನಾಂಕ ತಿದ್ದಿರುವುದು. ತಿದ್ದುವ ಬದಲು ಹೊಸ ಹಾಳೆ ತೆಗೆದುಕೊಳ್ಳಿ. ಈ ಒಂದು ಹಾಳೆಯನ್ನು ಬರೆದುಕೊಡಲು ಹಿಂಜರಿಯುವ ಕೇಂದ್ರ, ಊಟ ಹಾಸಿಗೆ ಎಷ್ಟೇ ಚೆನ್ನಾಗಿದ್ದರೂ, ಅರ್ಧ ಕೆಲಸ ಮಾತ್ರ ಮಾಡುತ್ತಿದೆ.

ಏಕೆ ಇಷ್ಟು ಒತ್ತಿ ಹೇಳಬೇಕು? ಕೋವಿಡ್‌ನ ಪರಿಹಾರಗಳೆಲ್ಲ ಆ ಹಾಳೆಯ ಆಚೆ ಇದ್ದವು. 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿ ಕ್ಷೌರಿಕರು, ಮಡಿವಾಳರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಕೊಡುವುದಾಗಿ ಹೇಳಿತು. ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಆಮೇಲೆ 3,000. ಅಂದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾಗಿದ್ದವರು 15.80 ಲಕ್ಷ, ಮೊದಲ ಕಂತು ತಲುಪಿದ್ದು 11.80 ಲಕ್ಷ ಜನರಿಗೆ. ನಡುವಿನ 4 ಲಕ್ಷ ಜನ ಹೆಸರಿದ್ದೂ ಬ್ಯಾಂಕ್ ಖಾತೆಯ ವಿವರ ಸರಿಹೊಂದದೆ ಕಾಯುತ್ತಿದ್ದವರು. ನೋಂದಣಿಯೇ ಇಲ್ಲದ ಗಾರೆಯವರು, ಮಣ್ಣು ಹೊರುವವರು ಈ ಲೆಕ್ಕದಲ್ಲೇ ಇಲ್ಲ. 2021ರ ಮೇ 19ರ 1,250 ಕೋಟಿಯ ಪ್ಯಾಕೇಜಿನಲ್ಲಿ ಚಾಲಕರು ಮತ್ತು ಕಟ್ಟಡ ಕಾರ್ಮಿಕರಿಗೆ 3,000, ಹಮಾಲಿ, ದರ್ಜಿ, ಚಿಂದಿ ಆಯುವವರು, ಮನೆಗೆಲಸದವರು ಮುಂತಾದವರಿಗೆ 2,000 ಎಂದಾಯಿತು. ಮನೆಗೆಲಸದವರನ್ನೂ ಚಿಂದಿ ಆಯುವವರನ್ನೂ ಪಟ್ಟಿಗೆ ತಂದದ್ದು ನಿಜವಾಗಿ ಒಳ್ಳೆಯ ಹೆಜ್ಜೆ. ಆದರೆ ಸರ್ಕಾರದ ಆನ್‌ಲೈನ್ ತಾಣವಾದ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಲು ಉದ್ಯೋಗ ದೃಢೀಕರಣ ಪತ್ರ ಬೇಕು, ಆಧಾರ್ ಜೋಡಿಸಿದ ಖಾತೆ ಬೇಕು. ಬೀದಿಗೆ ಇಳಿದರೆ ಲಾಠಿ ಬೀಳುವ ದಿನಗಳಲ್ಲಿ ಚಿಂದಿ ಆಯುವ ಹೆಂಗಸು ಯಾವ ಅಧಿಕಾರಿಯ ಸಹಿ ತರಬೇಕು?

ಕಟ್ಟಡ ಕೆಲಸದವರು ಇದನ್ನು ಮುಂದಿನ ವಿಪತ್ತಿಗೆ ಮೊದಲೇ ಸರಿ ಮಾಡಿಟ್ಟುಕೊಳ್ಳಬೇಕು. 18ರಿಂದ 60 ವರ್ಷದೊಳಗಿದ್ದು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಾರ್ಮಿಕ ಕಾರ್ಡಿಗೆ ಅರ್ಹರು. ಒಬ್ಬನೇ ಮೇಸ್ತ್ರಿಯ ಹತ್ತಿರ 90 ದಿನ ಮಾಡಿರಬೇಕೆಂದಿಲ್ಲ. ಕಾರ್ಡು ನವೀಕರಿಸದೆ ಬಿಟ್ಟರೆ ಪರಿಹಾರ ಬಂದ ದಿನ ಹೆಸರು ಪಟ್ಟಿಯಲ್ಲಿ ಕಾಣುವುದಿಲ್ಲ.

ವಸಂತನರಸಾಪುರ, ಹಿರೇಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿದ್ದವರಿಗೆ ಒಂದು ಒಳ್ಳೆಯ ಸೌಲಭ್ಯ ಇತ್ತು, ಅದು ಗೊತ್ತಿದ್ದವರು ತೀರ ಕಡಿಮೆ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ ಕೆಲಸ ಕಳೆದುಕೊಂಡವರಿಗೆ ಸರಾಸರಿ ಕೂಲಿಯ ಶೇ 25 ಇದ್ದುದನ್ನು 2020ರ ಮಾರ್ಚ್ 24ರಿಂದ ಶೇ 50ಕ್ಕೆ ಏರಿಸಿದರು. ಗರಿಷ್ಠ 90 ದಿನ, ಜೀವನದಲ್ಲಿ ಒಮ್ಮೆ. ಕೆಲಸ ಹೋಗಿ 30 ದಿನವಾದ ಮೇಲೆ ಮಾಲೀಕರ ಸಹಿ ಇಲ್ಲದೆ ನೇರವಾಗಿ ಇಎಸ್‌ಐ ಶಾಖೆಗೆ ಅರ್ಜಿ ಕೊಡಬಹುದು. ಕನಿಷ್ಠ ಎರಡು ವರ್ಷ ವಿಮೆಯಲ್ಲಿ ಇದ್ದಿರಬೇಕು, ಕೆಲಸ ಹೋಗುವ ಮುಂಚಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಜಮೆಯಾಗಿರಬೇಕು. ಕೆಡುವುದು ಇಲ್ಲಿಯೇ: ಗುತ್ತಿಗೆದಾರ ಸಂಬಳದಲ್ಲಿ ಹಿಡಿದುಕೊಂಡು ಇಎಸ್‌ಐಗೆ ಕಟ್ಟದಿದ್ದರೆ ಕಾರ್ಮಿಕನ ಲೆಕ್ಕದಲ್ಲಿ ದಿನಗಳು ಕಾಣುವುದಿಲ್ಲ. ಸಂಬಳದ ಚೀಟಿಯನ್ನು ಎಸೆಯಬೇಡಿ. ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ವಂತಿಗೆ ಬಿದ್ದಿದೆಯೇ ಎಂದು ವಿಮಾ ಸಂಖ್ಯೆಯಿಂದ ನೋಡಿಕೊಳ್ಳಿ.

ತಳ್ಳುಗಾಡಿ, ಬುಟ್ಟಿ ವ್ಯಾಪಾರದವರಿಗಾಗಿ ಬಂದ ಪಿಎಂ ಸ್ವನಿಧಿ ಸಾಲ ಯೋಜನೆ ಈ ಇಡೀ ಗುಂಪಿನಲ್ಲಿ ನನ್ನ ಮಟ್ಟಿಗೆ ಹೆಚ್ಚು ಅಂಕ ಪಡೆಯುವ ಸೇವೆ. 2020ರ ಜೂನ್ 1ರಂದು ಶುರುವಾದಾಗ ಜಾಮೀನಿಲ್ಲದೆ 10,000 ರೂಪಾಯಿ, 12 ಕಂತು, ಸರಿಯಾಗಿ ಕಟ್ಟಿದರೆ ಶೇ 7 ಬಡ್ಡಿ ಸಹಾಯಧನ. ಲೆಕ್ಕ ಹಾಕಿ ನೋಡಿ: ಬ್ಯಾಂಕಿನ ಬಡ್ಡಿ ಶೇ 12 ಆದರೆ ತಿಂಗಳ ಕಂತು ಸುಮಾರು 888, ವರ್ಷದ ಒಟ್ಟು ಬಡ್ಡಿ ಸುಮಾರು 660. ಫೋನ್‌ಪೇ, ಗೂಗಲ್‌ಪೇ ಮೂಲಕ 25 ರೂಪಾಯಿಗೆ ಕಡಿಮೆಯಿಲ್ಲದ ವಹಿವಾಟು ತಿಂಗಳಿಗೆ 200 ಮಾಡಿದರೆ ಆಗ 100 ರೂಪಾಯಿ ವಾಪಸ್ ಸಿಗುತ್ತಿತ್ತು, ವರ್ಷಕ್ಕೆ 1,200. ಬೆಳಿಗ್ಗೆ ಸಾವಿರ ಕೊಟ್ಟು ಸಂಜೆಗೆ ನೂರು ಬಡ್ಡಿ ವಸೂಲಿ ಮಾಡುವ ಮೀಟರ್ ಬಡ್ಡಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಬೆಲೆ ಗೊತ್ತಾಗುತ್ತದೆ. ಈಗ ಮೊದಲ ಕಂತನ್ನು 15,000ಕ್ಕೆ, ಎರಡನೆಯದನ್ನು 25,000ಕ್ಕೆ ಏರಿಸಿ, ಮೂರನೆಯದನ್ನು 50,000ದಲ್ಲೇ ಇರಿಸಿ ಯೋಜನೆಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿದ್ದಾರೆ.

ಪಾಲಿಕೆಯ ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರು ಅಲ್ಲಿಗೇ ಕೈಚೆಲ್ಲಬೇಕಾಗಿಲ್ಲ. ಶಿಫಾರಸು ಪತ್ರಕ್ಕೆ ಅರ್ಜಿ ಕೊಡಬಹುದು. ಬೀದಿ ವ್ಯಾಪಾರಿಗಳ ಸಂಘದ ಸದಸ್ಯತ್ವ, ವ್ಯಾಪಾರಕ್ಕೆಂದು ಹಿಂದೆ ಪಡೆದ ಸಾಲದ ಕಾಗದ, ಲಾಕ್‌ಡೌನ್ ಪರಿಹಾರ ಬಂದ ದಾಖಲೆ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಏನೂ ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ‘ಸ್ಥಳ ಪರಿಶೀಲನೆ ಮಾಡಿ’ ಎಂದು ಬರೆದುಕೊಟ್ಟರೂ ನಡೆಯುತ್ತದೆ. ಪತ್ರ ಸಿಕ್ಕ ಮೇಲೆ 30 ದಿನದೊಳಗೆ ವ್ಯಾಪಾರ ಪ್ರಮಾಣಪತ್ರ ಅಥವಾ ಗುರುತಿನ ಚೀಟಿ ಕೊಡಬೇಕು. ಇದನ್ನು ಕೇಳಿ ಪಡೆಯಿರಿ, ಏಕೆಂದರೆ ಸಾಲ ತೀರಿದ ಮೇಲೂ ರಸ್ತೆಯಿಂದ ಎಬ್ಬಿಸಲು ಬಂದಾಗ ಕೈಹಿಡಿಯುವುದು ಅದೇ. ಬ್ಯಾಂಕಿನಲ್ಲಿ ಅರ್ಜಿ ನಿಲ್ಲುವುದು ಹೆಚ್ಚಾಗಿ ಆಧಾರ್‌ಗೆ ಹಳೆಯ ಮೊಬೈಲ್ ಸಂಖ್ಯೆ ಇರುವುದರಿಂದ, ಇಲ್ಲವೇ ಸ್ವಸಹಾಯ ಸಂಘದ ಹಳೆಯ ಸಾಲ ಬಾಕಿ ಕಾಣುವುದರಿಂದ. ಮೊದಲನೆಯದನ್ನು ಅರ್ಜಿಗೆ ಮುಂಚೆಯೇ ಸರಿಪಡಿಸಿ. ಎರಡನೆಯದಕ್ಕೆ ತೀರುವಳಿ ಪತ್ರ ತಂದಿಡಿ.

ಯೋಜನೆಯ ಕೊರತೆ ಒಂದೇ: ಸಾಲ ಕೊಟ್ಟರು, ಜಾಗ ಕೊಡಲಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40 ಸ್ಥಾನ ವ್ಯಾಪಾರಿಗಳದು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರದು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರಿನಲ್ಲಿ ಪ್ರತಿ ರಸ್ತೆ ಅಗೆದು ಫುಟ್‌ಪಾತ್ ಹಾಕುವಾಗ ಆ ಸಮಿತಿಯ ಒಪ್ಪಿಗೆಯನ್ನು ನಕ್ಷೆಯ ಹಂತದಲ್ಲೇ ಕೇಳಬೇಕು.

ಬಾಡಿಗೆಯ ವಿಚಾರ ಬೇಗ ಮುಗಿಯುತ್ತದೆ, ಏಕೆಂದರೆ ಸಿಕ್ಕಿದ್ದು ಕಡಿಮೆ. 2020ರ ಮಾರ್ಚ್ 29ರ ಕೇಂದ್ರದ ಆದೇಶ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಮನೆ ಖಾಲಿ ಮಾಡಿಸಬಾರದು ಎಂದಿತು; ಜಾರಿಗೆ ಜಿಲ್ಲಾಧಿಕಾರಿ ಮತ್ತು ಎಸ್‌ಪಿಯನ್ನು ವೈಯಕ್ತಿಕವಾಗಿ ಹೊಣೆ ಮಾಡಿತು. ಮಾತು ಗಟ್ಟಿಯಾಗಿತ್ತು, ಆದರೆ ಹೆಚ್ಚಿನ ವಠಾರಗಳಲ್ಲಿ ಕರಾರು ಪತ್ರವೇ ಇರುವುದಿಲ್ಲ. ಬಾಡಿಗೆ ಕೇಳದಿದ್ದವರು ಅಡ್ವಾನ್ಸ್‌ನಲ್ಲಿ ಮುರಿದುಕೊಂಡರೆ ತೋರಿಸಲು ಕಾಗದವಿಲ್ಲ. ಕರಾರು ಬರೆಸಲು ಆಗದಿದ್ದರೆ ಬಾಡಿಗೆಯನ್ನು ನಗದಾಗಿ ಕೊಡದೆ ಫೋನಿನಿಂದ ಕಳಿಸಿ, ‘ಇಂಥ ತಿಂಗಳ ಬಾಡಿಗೆ’ ಎಂದು ಟಿಪ್ಪಣಿ ಬರೆಯಿರಿ. ಅದೇ ನಾಳೆಗೆ ಸಾಕ್ಷಿ. 2020ರ ಜುಲೈನಲ್ಲಿ ಬಂದ ಕೈಗೆಟಕುವ ಬಾಡಿಗೆ ವಸತಿ ಯೋಜನೆಯಲ್ಲಿ ಸರ್ಕಾರ ಕಟ್ಟಿ ಖಾಲಿಬಿಟ್ಟ ಮನೆಗಳನ್ನು ವಲಸೆ ಕಾರ್ಮಿಕರಿಗೆ ಬಾಡಿಗೆಗೆ ಕೊಡುವ ದಾರಿ ಇತ್ತು. ಬಾಡಿಗೆಯನ್ನು ಸ್ಥಳೀಯ ಸಂಸ್ಥೆ ನಿಗದಿ ಮಾಡಬೇಕು, ಎರಡು ವರ್ಷಕ್ಕೊಮ್ಮೆ ಶೇ 8, ಐದು ವರ್ಷದಲ್ಲಿ ಒಟ್ಟು ಶೇ 20ಕ್ಕಿಂತ ಏರಿಸುವಂತಿಲ್ಲ. ಕೈಗಾರಿಕಾ ಪ್ರದೇಶ ದಿನೇ ದಿನೇ ಬೆಳೆಯುವ ತುಮಕೂರಿಗೆ ಇದು ಹೇಳಿ ಮಾಡಿಸಿದ ಯೋಜನೆ. ನಗರದ ವಸತಿ ನೀತಿಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ದೊಡ್ಡದು.

ಊಟದಲ್ಲಿ ಇಂದಿರಾ ಕ್ಯಾಂಟೀನ್‌ಗೆ ಪೂರ್ತಿ ಅಂಕ ಕೊಡಬೇಕು. ತಿಂಡಿ 5, ಊಟ 10 ರೂಪಾಯಿ, ಯಾವ ಕಾರ್ಡೂ ಕೇಳುವುದಿಲ್ಲ. ಹೆಸರು ಕೇಳದೆ ತಟ್ಟೆ ಕೊಡುವ ಸೇವೆಗೆ ಜನ ಹೆದರದೆ ಬರುತ್ತಾರೆ. ಪಡಿತರದಲ್ಲೂ ಒಂದು ಅನುಕೂಲ ಇದೆ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆ ಕರ್ನಾಟಕದಲ್ಲಿ 2020ರ ಜನವರಿಯಿಂದಲೇ ಇದೆ. ಪಾವಗಡದ ಕಾರ್ಡಿಗೆ ತುಮಕೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಅಕ್ಕಿ ತರಬಹುದು. ತಿಂಗಳ ಕೊನೆಯವರೆಗೆ ಕಾಯಬೇಡಿ, ದಾಸ್ತಾನು ಮುಗಿದಿರುತ್ತದೆ.

ಲಸಿಕೆಯಲ್ಲೂ ಮೊದಲು ಗುರುತಿನ ಚೀಟಿಯೇ ಅಡ್ಡಿಯಾಗಿತ್ತು. 2021ರ ಮೇ 6ರಂದು ಆರೋಗ್ಯ ಸಚಿವಾಲಯ ಚೀಟಿ ಇಲ್ಲದವರಿಗೆ, ಅಲೆಮಾರಿಗಳಿಗೆ, ಭಿಕ್ಷೆ ಬೇಡುವವರಿಗೆ ದಾರಿ ಮಾಡಿತು: ಗುರುತು ಇರುವ ಒಬ್ಬ ಸಹಾಯಕರು ಅವರನ್ನು ಗುರುತಿಸಿ ಕರೆತಂದರೆ ಸಾಕು. ಒಬ್ಬರು ಜವಾಬ್ದಾರಿ ಹೊತ್ತರೆ ಕಾಗದ ಇಲ್ಲದವರಿಗೂ ಸೇವೆ ಕೊಡಬಹುದು ಎಂದು ಸರ್ಕಾರವೇ ಒಪ್ಪಿಕೊಂಡ ಕ್ರಮ ಇದು. ಇದನ್ನೇ ಪರಿಹಾರ ಧನಕ್ಕೂ ಉದ್ಯೋಗ ದೃಢೀಕರಣಕ್ಕೂ ತರಬಹುದಿತ್ತು. ಆಶ್ರಯ ಕೇಂದ್ರದ ಮೇಲ್ವಿಚಾರಕರನ್ನು ಅಂಥ ಸಹಾಯಕರೆಂದು ಗೊತ್ತು ಮಾಡಲು ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ.

ಮತದಾರರ ಪಟ್ಟಿಯ ಬಾಗಿಲಂತೂ ವಿಳಾಸವಿಲ್ಲದವರಿಗೆ ಈಗಲೂ ತೆರೆದಿದೆ. ನಮೂನೆ 6ರಲ್ಲಿ ರಾತ್ರಿ ಮಲಗುವ ಜಾಗವನ್ನೇ ವಿಳಾಸವಾಗಿ ಬರೆಯಬಹುದು. ಮತಗಟ್ಟೆ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೆ ಬಂದು, ಆ ವ್ಯಕ್ತಿ ನಿಜವಾಗಿ ಅಲ್ಲೇ ಮಲಗುತ್ತಾರೆ ಎಂದು ಖಚಿತಪಡಿಸಿಕೊಂಡರೆ ವಾಸದ ಬೇರೆ ದಾಖಲೆ ಬೇಡ. ಅರ್ಜಿ ಹಾಕಿದ ಮೇಲೆ ಜಾಗ ಬದಲಿಸಬೇಡಿ. ಜಗಲಿಯಾದರೆ ಪಕ್ಕದ ಅಂಗಡಿಯವರಿಗೆ ವಿಷಯ ತಿಳಿಸಿಡಿ. ಆಶ್ರಯ ಕೇಂದ್ರವಾದರೆ ಹಾಸಿಗೆಯ ಸಂಖ್ಯೆಯನ್ನೂ ನಮೂನೆಯಲ್ಲಿ ಬರೆಯಿರಿ, ಅಧಿಕಾರಿ ಬಂದ ರಾತ್ರಿ ಹಾಜರಾತಿ ಪುಸ್ತಕದಲ್ಲಿ ನಿಮ್ಮ ಸಹಿ ಇರಲಿ.